"ಅಲ್ಲೆ ಊಟಕ್ಕ ಏನ್ ಮಾಡ್ತಿದ್ದಿ?"

ತಿಂತಿದ್ದೆ. ಇದೇ ಉತ್ತರ. ಹೊಟ್ಟೆ ತುಂಬ ತಿಂತಿದ್ದೆ. ಜರ್ಮನಿಯಿಂದ ವಾಪಸ್ ಬಂದಾಗ ಹಳೆಯ ಚೂಡಿದಾರ್ ಒಂದೂ ಆಗಲಿಲ್ಲ. ಇಷ್ಟು ತಿಳಿಯೋಕೆ ಬಂದವರು ಇಲ್ಲಿಗೇ ಏಳಬಹುದು.

ಉಳಿದವರಿಗೆ ಸ್ವಲ್ಪ ಹಿಂದಿನ ಕತೆ. 2009ರಲ್ಲಿ, ನನಗೆ 16 ವರ್ಷ ಇದ್ದಾಗ, ರೋಟರಿಯ ಯೂತ್ ಎಕ್ಸ್‌ಚೇಂಜ್‌ನಲ್ಲಿ ಧಾರವಾಡದಿಂದ ಜರ್ಮನಿಗೆ ಹೋದೆ. ಒಂದು ವರ್ಷ ಅಲ್ಲಿನವರ ಮನೆಯಲ್ಲಿ ಇರಬೇಕು, ಅಲ್ಲಿನ ಶಾಲೆಗೆ ಹೋಗಬೇಕು. ಮನೆಯಲ್ಲಿ ಇರಿಸಿಕೊಂಡವರಿಗೆ ಇದಕ್ಕೆ ದುಡ್ಡೇನೂ ಸಿಗೋದಿಲ್ಲ. ಹೋಗುವ ಮುಂಚೆ ನಾಲ್ಕು 'ಡಿ'ಗಳನ್ನು ಬಾಯಿಪಾಠ ಮಾಡಿಸಿದರು. ಡ್ರಿಂಕಿಂಗ್ ಇಲ್ಲ, ಡ್ರೈವಿಂಗ್ ಇಲ್ಲ, ಡ್ರಗ್ಸ್ ಇಲ್ಲ, ಡೇಟಿಂಗ್ ಇಲ್ಲ. ಅಪ್ಪ ಇದನ್ನು ಓದಿ ಹೇಳಿದಾಗ ನಮ್ಮಜ್ಜಿ, "ಮಠದ ಬೋರ್ಡಿಂಗ್ ಇದ್ದಂಗ ಐತಿ, ಕಳಸ್ರಿ" ಅಂದಳು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ಫ್ರಾಂಕ್‌ಫರ್ಟ್.

ಅವತ್ತಿಂದ ಇವತ್ತಿನವರೆಗೆ ಒಂದೇ ಪ್ರಶ್ನೆ. ಶುರುವಾಗೋದು ಹೀಗೆ: "ಅಷ್ಟ ಸಣ್ಣಾಕಿ ಇದ್ದಿ, ಅಲ್ಲೆ ಹೆಂಗ ಹೊಂದ್ಕೊಂಡಿ?" ಇದು ಒಳ್ಳೆ ಪ್ರಶ್ನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅದನ್ನು ಕೆಡಿಸುತ್ತಾರೆ: "ಊಟಕ್ಕ ಏನ್ ಮಾಡ್ತಿದ್ದಿ? ಬರೇ ಬ್ರೆಡ್ ತಿಂದs ಇದ್ದೇನ? ಪಾಪ." ಹೊಂದಿಕೊಳ್ಳೋದು ಅಂದರೆ ಹೊಟ್ಟೆಗೆ ಸಂಬಂಧಪಟ್ಟಿದ್ದು ಅಂತ ನಮ್ಮ ಕಡೆ ಯಾರೋ ಎಂದೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಹೋದ ವರ್ಷ ಗದಗಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂತಿದ್ದೇನೆ. ಹುಗ್ಗಿ ಬಡಿಸುತ್ತಿದ್ದ ಚಿಕ್ಕಮ್ಮ ಒಬ್ಬರು ನನ್ನ ಮುಂದೆ ನಿಂತು ಇದೇ ಕೇಳಿದರು. ಉತ್ತರ ಬರುವ ಮೊದಲೇ ಪಾಪ ಅಂದರು, ಇನ್ನೂ ಎರಡು ಚಮಚೆ ತುಪ್ಪ ಸುರಿದರು. ಹದಿನೈದು ವರ್ಷದ ಹಿಂದೆ ಇಲ್ಲದ ಹಸಿವಿಗೆ ಈಗ ತುಪ್ಪ! ತಿಂದೆ. ತುಪ್ಪದ ಜೊತೆ ನನಗೇನು ಜಗಳ?

ಆಯ್ತು, ಬ್ರೆಡ್ ವಿಷಯ ಒಂದು ಸಲ ಮುಗಿಸಿಬಿಡುತ್ತೇನೆ. ನಾನಿದ್ದದ್ದು ಮ್ಯುನ್‌ಸ್ಟರ್ ಊರಿನ ಹತ್ತಿರದ ಒಂದು ಹಳ್ಳಿ. ಆ ಸೀಮೆಗೆ ವೆಸ್ಟ್‌ಫಾಲಿಯಾ ಅಂತಾರೆ. ಪಂಪರ್‌ನಿಕಲ್ ಅನ್ನೋ ಕಪ್ಪು ಬ್ರೆಡ್ ಅಲ್ಲಿಯದು. ರೈ ಅನ್ನೋ ಧಾನ್ಯದ ರವೆಯಿಂದ ಮಾಡೋದು. ಸಣ್ಣ ಉರಿಯಲ್ಲಿ ಕಡಿಮೆ ಅಂದರೂ 16 ತಾಸು ಬೇಯಬೇಕು. ಇಟ್ಟರೆ ಬಹಳ ದಿನ ಇರುತ್ತದೆ, ನಮ್ಮ ಖಡಕ್ ರೊಟ್ಟಿ ಹಾಗೆ. ಜರ್ಮನಿಯಲ್ಲಿ 3,000ಕ್ಕೂ ಜಾಸ್ತಿ ನಮೂನೆ ಬ್ರೆಡ್ ಇವೆ. ಅಗಸಿ ಹಾಕಿದ ಬ್ರೆಡ್ ಕೂಡ ಇದೆ. ಅದರ ಮೇಲೆ ಅವ್ವ ಕಟ್ಟಿಕೊಟ್ಟ ಅಗಸಿ ಚಟ್ನಿಯನ್ನೇ ಹಚ್ಚಿ ತಿಂದವಳು ನಾನು. ಸಂಜೆ ಆರಕ್ಕೆ ಬ್ರೆಡ್ಡು, ಚೀಸು, ಸೌತೆಕಾಯಿ ಉಪ್ಪಿನಕಾಯಿ. ಒಲೆ ಹಚ್ಚೋದಿಲ್ಲ. ಎರಡು ವಾರದಲ್ಲಿ ರೂಢಿ ಆಯಿತು. ಅಷ್ಟೇ. "ಬರೇ ಬ್ರೆಡ್" ಅನ್ನುವವರು ನಾವು ಬರೇ ರೊಟ್ಟಿ ತಿನ್ನುತ್ತೇವೆ ಅನ್ನೋದನ್ನು ಮರೆಯುತ್ತಾರೆ.

ಚಳಿಗೂ ಜಾಕೆಟ್ ಇತ್ತು. ಭಾನುವಾರ ಅಂಗಡಿ ಮುಚ್ಚಿರುತ್ತಿತ್ತು, ಶನಿವಾರವೇ ತಂದಿಟ್ಟರಾಯ್ತು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕು ಇಪ್ಪತ್ತಕ್ಕೆ ಸೂರ್ಯ ಮುಳುಗೋದು ಮಾತ್ರ ಸ್ವಲ್ಪ ಕಷ್ಟ ಕೊಟ್ಟಿತು. ಅದಕ್ಕೂ ದೀಪ ಇತ್ತು.

ಯಾರೂ ಕೇಳದ ಪ್ರಶ್ನೆ ಒಂದಿದೆ. ಆ ಮನೆಯ ಯಜಮಾನತಿಯನ್ನು ನೀನು ಏನಂತ ಕರೀತಿದ್ದಿ?

ಕೇಳಿ ನೋಡಿ. ಹೇಳುತ್ತೇನೆ. ಮೂರು ತಿಂಗಳು ನಾನು ಅವರನ್ನು ಏನೂ ಅಂತ ಕರೆಯಲಿಲ್ಲ.

ಮೊದಲ ದಿನವೇ ಸ್ಟೇಷನ್‌ನಲ್ಲಿ ಅವರು ಕೈ ಕುಲುಕಿ ತಮ್ಮ ಹೆಸರು ಹೇಳಿ, ಹಾಗೇ ಕರಿ ಅಂದರು. ಬರೀ ಹೆಸರು. ನಮ್ಮವ್ವನಿಗಿಂತ ನಾಲ್ಕು ವರ್ಷ ದೊಡ್ಡವರು. ನಮ್ಮ ಓಣಿಯಲ್ಲಿ ನಾನು ಹಾಲಿನವನನ್ನೂ ಬರೀ ಹೆಸರು ಹಿಡಿದು ಕರೆದವಳಲ್ಲ. ಆಂಟಿ ಅನ್ನಲೇ ಅಂದರೆ, ಅದಕ್ಕೆ ಅಲ್ಲಿ ಇರುವ ಮಾತು ಸ್ವಂತ ಸೋದರತ್ತೆ, ಚಿಕ್ಕಮ್ಮನಿಗೆ ಮಾತ್ರ. ಅಮ್ಮ ಅನ್ನಲೇ ಅಂದರೆ ಅವರ ಮಗಳು ಅಲ್ಲೇ ಕೂತಿದ್ದಾಳೆ. ನನಗಿಂತ ಒಂದು ವರ್ಷ ದೊಡ್ಡವಳು. ಆಕೆಗೆ ಹೇಗನ್ನಿಸೀತು?

ಜರ್ಮನ್‌ನಲ್ಲೂ ನಮ್ಮ ಹಾಗೆ ಎರಡಿದೆ. 'ಡೂ' ಅಂದರೆ ನೀ, 'ಝೀ' ಅಂದರೆ ನೀವು. ಝೀ ಟಿವಿಯ ಝೀ. ಮನೆಯಲ್ಲಿ ಎಲ್ಲರಿಗೂ ಡೂ. ನಾನು ಅವರಿಗೆ ಝೀ ಅಂದರೆ ಮುಖ ಸಣ್ಣದಾಗುತ್ತಿತ್ತು. ಅಪರಿಚಿತರಿಗೆ ಅಂದ ಹಾಗೆ ಕೇಳುತ್ತದಂತೆ. ಶಾಲೆಗೆ ಹೋದರೆ ಇನ್ನೊಂದು ಚೋದ್ಯ. ಅಲ್ಲಿ ಹನ್ನೊಂದನೇ ಕ್ಲಾಸಿಗೆ ಬಂದ ಮಕ್ಕಳಿಗೆ ಮೇಷ್ಟ್ರುಗಳೇ ಝೀ ಅನ್ನೋಕೆ ಶುರು ಮಾಡುತ್ತಾರೆ. ಇನ್ನು ನೀವು ದೊಡ್ಡವರು ಅಂತ. ಅಂದರೆ ಬೆಳಗ್ಗೆ ಗಣಿತದ ಮೇಷ್ಟ್ರು ನನಗೆ "ನೀವು ಹೋಂವರ್ಕ್ ಮಾಡಿದ್ದೀರಾ" ಅಂತಾರೆ. ಸಂಜೆ ನಾನು ಅವ್ವನ ವಯಸ್ಸಿನವರಿಗೆ "ನೀ ಉಪ್ಪು ಕೊಡು" ಅನ್ನಬೇಕು. ಲೋಕ ತಲೆಕೆಳಗು.

ನಾನು ಹುಡುಕಿದ ಉಪಾಯ 'ರೀ'. ಹುಬ್ಬಳ್ಳಿ-ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹೌದ್ರಿ, ಇಲ್ರಿ, ಬರ್ರಿ. ಮಾತಿನ ಬಾಲಕ್ಕೆ ಒಂದು ರಿ ಅಂಟಿಸಿದರೆ ಮರ್ಯಾದೆ ತಾನಾಗಿ ಬರುತ್ತದೆ. ಬಾಯಲ್ಲಿ ಡೂ ಅಂದು ಬಾಲಕ್ಕೆ ರಿ ಹಚ್ಚುತ್ತಿದ್ದೆ. ಯಾ ಅಂದರೆ ಹೌದು. ನಾನು "ಯಾರಿ" ಅನ್ನುತ್ತಿದ್ದೆ. ಡಾಂಕೆ ಅಂದರೆ ಥ್ಯಾಂಕ್ಸ್. ಅದು "ಡಾಂಕೆರಿ." ನಗಬೇಡಿ, ಅದರಿಂದ ನನಗೆ ನಿದ್ದೆ ಬರುತ್ತಿತ್ತು.

ಆದರೆ ರಿ ಬರೋದು ಮಾತಿನ ಕೊನೆಗೆ. ಮಾತು ಶುರು ಮಾಡೋದು ಹೇಗೆ? ಅವರು ಆ ಕಡೆ ತಿರುಗಿ ಪಾತ್ರೆ ತೊಳೆಯುತ್ತಿದ್ದರೆ? ಮಹಡಿ ಮೇಲಿದ್ದರೆ? ಎದುರಿಗೆ ಹೋಗಿ ಕಣ್ಣಿಗೆ ಬೀಳುವವರೆಗೆ ನಿಲ್ಲುತ್ತಿದ್ದೆ. ಬಹಳ ತುರ್ತಿದ್ದರೆ 'ಎಂಟ್‌ಶುಲ್ಡಿಗುಂಗ್' ಅನ್ನುತ್ತಿದ್ದೆ. ಹಾಗಂದರೆ ಕ್ಷಮಿಸಿ. ಮೂರು ತಿಂಗಳು ಆ ತಾಯಿಗೆ ನಾನು ಇಟ್ಟ ಹೆಸರು 'ಕ್ಷಮಿಸಿ'. ಗಂಡನಿಗೂ ಅದೇ. ಅವರು ರಾತ್ರಿಯೇ ಮನೆಗೆ ಬರುತ್ತಿದ್ದರು, ಹಾಗಾಗಿ ನಡೆದುಹೋಯಿತು.

ಇದೇ ಹೊತ್ತಿಗೆ ಧಾರವಾಡದಲ್ಲಿ, ನನ್ನ ಕೋಣೆಯಲ್ಲಿ, ಬ್ರೆಜಿಲ್‌ನಿಂದ ಬಂದ ಒಬ್ಬ ಹುಡುಗಿ ಇದ್ದಳು. ಅದು ವಿನಿಮಯ ಅಲ್ವಾ, ನಾವು ಹೋದರೆ ಅವರು ಬರಬೇಕು. ಫೋನಿನಲ್ಲಿ ಅವ್ವ ಹೇಳಿದಳು: "ಎರಡs ದಿನದಾಗ ನನಗ ಅವ್ವಾ ಅನ್ನಾಕ ಹತ್ಯಾಳ. ಗಿರ್ಮಿಟ್ ಅಂದ್ರ ಜೀವಾ ಬಿಡ್ತಾಳ." ಅವ್ವನ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು. ಫೋನ್ ಇಟ್ಟು ಬಚ್ಚಲಿಗೆ ಹೋಗಿ ಅತ್ತೆ. ಆ ವರ್ಷ ನಾನು ಅತ್ತಿದ್ದು ಅದೊಂದೇ ಸಲ. ಊಟಕ್ಕಲ್ಲ.

ನವೆಂಬರ್‌ನ ಒಂದು ಶನಿವಾರ. ಮ್ಯುನ್‌ಸ್ಟರ್‌ನಲ್ಲಿ ದೊಡ್ಡ ಚರ್ಚಿನ ಮುಂದಿನ ಬಯಲಿನಲ್ಲಿ ಬುಧವಾರ, ಶನಿವಾರ ಸಂತೆ. ಚೀಸ್ ಅಂಗಡಿಯಲ್ಲಿ ನಮ್ಮ ಯಜಮಾನತಿ ಪರ್ಸು ಬಿಟ್ಟು ಹೊರಟೇಬಿಟ್ಟರು. ಪರ್ಸು ನನ್ನ ಕೈಯಲ್ಲಿ. ಅವರು ಜನರ ನಡುವೆ ಆಗಲೇ ದೂರ. ಕೂಗಬೇಕು. ಏನಂತ? ಕೂಗಿದೆ: "ಎಂಟ್‌ಶುಲ್ಡಿಗುಂಗ್!" ಸುತ್ತ ಇದ್ದ ಹತ್ತಿಪ್ಪತ್ತು ಜನ ತಿರುಗಿದರು. ಅವರೊಬ್ಬರನ್ನು ಬಿಟ್ಟು. ಗುಂಪಿನಲ್ಲಿ ಯಾರೋ ಕ್ಷಮಿಸಿ ಅಂದರೆ ಯಾರು ತಾನೇ ತನಗೇ ಅಂದರು ಅಂದುಕೊಳ್ಳುತ್ತಾರೆ? ಮತ್ತೆ ಕೂಗಿದೆ. ಆಮೇಲೆ ನನ್ನ ಬಾಯಿಂದ ತಾನಾಗಿ ಹೊರಬಿತ್ತು, ಧಾರವಾಡದ ಸುಭಾಸ ರೋಡಿನಲ್ಲಿ ನಿಂತು ಯಾರೋ ಹಿರಿಯ ಹೆಂಗಸನ್ನು ಕೂಗಿದ ಹಾಗೆ: "ಏ ಬಾಯಾರs! ನಿಂದರ್ರೀ!"

ನಿಂತರು.

ಬಸ್ಸಿನಲ್ಲಿ ಏನೂ ಕೇಳಲಿಲ್ಲ. ರಾತ್ರಿ ಬ್ರೆಡ್ ಮುಂದೆ ಕೂತು ಕೇಳಿದರು: "ನನ್ನ ಹೆಸರು ನಿನಗೆ ಇಷ್ಟ ಇಲ್ವಾ?" ಆಮೇಲೆ ಮೆಲ್ಲಗೆ, ಬೇರೆ ಮನೆಗೆ ಹೋಗಬೇಕು ಅನ್ನಿಸುತ್ತಿದೆಯಾ ಅಂದರು. ಈ ಹುಡುಗಿ ಹಗಲೆಲ್ಲ ಕ್ಷಮೆ ಕೇಳುತ್ತಾಳೆ, ಒಮ್ಮೆಯೂ ನನ್ನ ಹೆಸರು ಹಿಡಿಯೋದಿಲ್ಲ, ನಾವೇನು ತಪ್ಪು ಮಾಡಿದೆವು ಅಂತ ನನ್ನ ಮೇಲ್ವಿಚಾರಣೆಗೆ ಇದ್ದವರನ್ನು ಎರಡು ಸಲ ಕೇಳಿದ್ದರಂತೆ. ನಾನು ಮರ್ಯಾದೆ ಅಂತ ಮಾಡಿದ್ದೆಲ್ಲ ಅವರಿಗೆ ಮುನಿಸಿನ ಹಾಗೆ ಕಂಡಿತ್ತು.

ನನ್ನ ಮೂರು ತಿಂಗಳ ಜರ್ಮನ್‌ನಲ್ಲಿ ಅಜ್ಜಿಯ ಕತೆ ಹೇಳಿದೆ. ನಮ್ಮಜ್ಜಿ ಐವತ್ತು ವರ್ಷದಲ್ಲಿ ಒಮ್ಮೆಯೂ ಅಜ್ಜನ ಹೆಸರು ಹಿಡಿದು ಕರೆದಿಲ್ಲ, ಅದು ಸಿಟ್ಟಿಗಲ್ಲ ಅಂತ. ಹಾಗಾದರೆ ಹೆಸರು ಹೇಳಲೇಬೇಕಾದರೆ ಏನು ಮಾಡುತ್ತಿದ್ದರು ಅಂದರು. ಅದಕ್ಕೆ ಒಡಪು ಇದೆ ಅಂದೆ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಅಡ್ಡಗಟ್ಟಿ ನಿಲ್ಲಿಸಿ ಗಂಡನ ಹೆಸರು ಹೇಳು ಅಂತಾರೆ, ಆಗ ಎರಡು ಮೂರು ಸಾಲು ಪದ ಕಟ್ಟಿ ಅದರೊಳಗೆ ಹೆಸರು ಅಡಗಿಸಿ ಹೇಳಬೇಕು. ಅವರು ಚಾಕು ಕೆಳಗಿಟ್ಟರು. "ನನಗೊಂದು ಕಟ್ಟು. ಅಲ್ಲೀತನಕ ನಿನಗೆ ಚೀಸ್ ಇಲ್ಲ."

ಮರುದಿನ ಭಾನುವಾರ, ಬೇರೆ ಕೆಲಸವೂ ಇರಲಿಲ್ಲ. ಕಟ್ಟಿದೆ:

ಧಾರವಾಡಕ್ಕ ಫೇಡೆ, ಗೋಕಾಕಕ್ಕ ಕರದಂಟು,
ಪಂಪರ್‌ನಿಕಲ್ಲಿಗೂ ಶೇಂಗಾ ಚಟ್ನಿಗೂ ಬೆಳೀತು ನಂಟು,
……ಗೂ ನನಗೂ ಯಾವ ಜನ್ಮದ ಗಂಟು!

ಚುಕ್ಕಿ ಇರುವಲ್ಲಿ ಅವರ ಹೆಸರು. ಎದ್ದು ನಿಂತು ಜೋರಾಗಿ ಹೇಳಿದೆ. ಕಿವಿ ಬಿಸಿಯಾಯಿತು. ಅವರ ಮಗಳು ಚಪ್ಪಾಳೆ ತಟ್ಟಿದಳು. ಆಮೇಲೆ ಮಾತುಮಾತಿಗೂ ಹೆಸರು ಹಿಡಿದೆ ಅಂತ ತಿಳಿಯಬೇಡಿ. ಕಷ್ಟಪಟ್ಟು ದಿನಕ್ಕೊಂದು ಸಲ, ಕೊನೆಗೊಂದು ರಿ ಹಚ್ಚಿ. ಅವರಿಗೂ ರಿ ರೂಢಿಯಾಗಿ, ಗಂಡನನ್ನು ಊಟಕ್ಕೆ ಕರೆಯುವಾಗ ಹಚ್ಚತೊಡಗಿದರು. ಇಲ್ಲಿ ಬರೆಯುವಾಗಲೂ ನನಗೆ ಆ ಹೆಸರು ಬೆರಳಿಗೆ ಬರುತ್ತಿಲ್ಲ, ನೋಡಿ.

"ಒಂದ್ ವರ್ಷ ಹಾಳಾತಲ್ಲ, ಪಿಯುಸಿ ತಡಾ ಆತಲ್ಲ" ಅನ್ನೋ ಪ್ರಶ್ನೆಗೆ ಉತ್ತರ: ಆತ್ರಿ. ಮುಂದೆ ಹೋಗೋಣ.

ನನ್ನ ಮದುವೆಗೆ ಅವರು ಧಾರವಾಡಕ್ಕೆ ಬಂದಿದ್ದರು. ಅಡುಗೆಮನೆಯಲ್ಲಿ ಮಣೆ ಹಾಕಿಸಿಕೊಂಡು, ಅವ್ವ ರೊಟ್ಟಿ ಬಡಿಯೋದನ್ನು ನೋಡುತ್ತ ಕೂತಿದ್ದರು. ಅವ್ವನಿಗೆ ಜರ್ಮನ್ ಬರೋದಿಲ್ಲ, ಅವರಿಗೆ ಕನ್ನಡ ಬರೋದಿಲ್ಲ. ನಡುವೆ ನಾನು. ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಅಂದಳು: "ಕೇಳs ಅವರನ್ನ, ಅಷ್ಟ ದೂರದಿಂದ ಬಂದಾರ, ಇಲ್ಲೆ ಊಟಕ್ಕ ಹೆಂಗ ಹೊಂದ್ಕೊಂಡಾರ ಅಂತ."

ನಾನು ಜರ್ಮನ್‌ನಲ್ಲಿ ಕೇಳಿದೆ: "ನಿಮ್ಮನ್ನ ಏನಂತ ಕರೀಬೇಕು ಅಂತ ಅವ್ವ ಕೇಳ್ತಿದ್ದಾಳೆ."

ಅವರು ಅವ್ವನ ಕಡೆ ತಿರುಗಿ ತಮ್ಮ ಹೆಸರು ಬಿಡಿಸಿ ಬಿಡಿಸಿ ಹೇಳಿದರು. ಅವ್ವ ಗಮನಕೊಟ್ಟು ಕೇಳಿದಳು, ತಲೆ ಆಡಿಸಿದಳು, ಬಿಸಿ ರೊಟ್ಟಿ ಅವರ ತಾಟಿಗೆ ಹಾಕಿದಳು.

"ಇರ್ಲಿ ತಗೋರಿ ಬಾಯಾರ, ಬೆಣ್ಣಿ ಹಚ್ಲೇನ್ರಿ?"