ಪದ್ಮನಾಭಪುರಂ ಅರಮನೆ: ಕನ್ಯಾಕುಮಾರಿಗೆ ಹೊರಟವರು ಒಂದು ಬೆಳಗ್ಗೆ ಇದಕ್ಕಿಡಿ

ಕನ್ಯಾಕುಮಾರಿ ಕಡೆ ಹೊರಟರೆ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಸೂರ್ಯೋದಯ, ವಿವೇಕಾನಂದ ಬಂಡೆ, ಶುಚೀಂದ್ರಂ, ಆಮೇಲೆ ತಿರುವನಂತಪುರದ ಅನಂತಪದ್ಮನಾಭ. ಈ ದಾರಿಯಲ್ಲೇ, ತಕ್ಕಲೈ ಊರಿನ ಪಕ್ಕದಲ್ಲಿ ಪದ್ಮನಾಭಪುರಂ ಅರಮನೆ ಇದೆ. ಹೆಚ್ಚಿನವರು ಸಮಯ ಉಳಿದರೆ ನೋಡೋಣ ಅಂತ ಕೊನೆಗೆ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ.

ಮೊದಲು ವಾರ ನೋಡಿಕೊಳ್ಳಿ. ಸೋಮವಾರ ಅರಮನೆಗೆ ರಜೆ. ವಾರಾಂತ್ಯಕ್ಕೆ ಒಂದು ದಿನ ರಜೆ ಸೇರಿಸಿ ಹೊರಡುವವರಿಗೆ ಸರಿಯಾಗಿ ಅದೇ ದಿನ ಸಿಗುತ್ತದೆ. ಉಳಿದ ದಿನ ಬೆಳಗ್ಗೆ 9ಕ್ಕೆ ತೆರೆಯುತ್ತಾರೆ, ಮಧ್ಯಾಹ್ನ 1ರಿಂದ 2 ಊಟದ ಬಿಡುವು, 4.30ಕ್ಕೆ ಬಾಗಿಲು. ಹನ್ನೆರಡೂವರೆಗೆ ಹೋಗಿ ನಿಂತರೆ ಅರ್ಧ ನೋಡಿ ಹೊರಬರಬೇಕು. ಒಂಬತ್ತಕ್ಕೇ ಅಲ್ಲಿರಿ. ಹೊತ್ತಾದಂತೆ ಪ್ರವಾಸದ ಬಸ್ಸುಗಳು, ಶಾಲೆ ಮಕ್ಕಳ ಗುಂಪು ಬರುತ್ತವೆ. ಕಿರಿದಾದ ಮೆಟ್ಟಿಲುಗಳಲ್ಲಿ ಆಮೇಲೆ ನಿಂತು ನೋಡಲು ಆಗುವುದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ಕನ್ಯಾಕುಮಾರಿ ರೈಲಿನಲ್ಲಿ ನಾಗರಕೋಯಿಲ್‌ಗೆ ಇಳಿಯುವುದು ಅನುಕೂಲ. ಅಲ್ಲಿಂದ ತಕ್ಕಲೈಗೆ ಬಸ್ಸುಗಳು ಬೇಕಾದಷ್ಟಿವೆ. ತಕ್ಕಲೈಯಿಂದ ಆಟೋ ಹಿಡಿದರೆ ಆಯಿತು. ಕನ್ಯಾಕುಮಾರಿಯಿಂದ ಸುಮಾರು 35 ಕಿ.ಮೀ., ತಿರುವನಂತಪುರದಿಂದ ಸುಮಾರು 55.

ಅರಮನೆ ಇರುವುದು ತಮಿಳುನಾಡಿನಲ್ಲಿ, ನೋಡಿಕೊಳ್ಳುವುದು ಕೇರಳ ಸರ್ಕಾರ. ಇದು ತಿರುವಾಂಕೂರು ರಾಜರ ಹಳೆಯ ರಾಜಧಾನಿ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಣೆ ಮಾಡಿದಾಗ ಕನ್ಯಾಕುಮಾರಿ ಜಿಲ್ಲೆ ಆಗಿನ ಮದ್ರಾಸ್ ರಾಜ್ಯಕ್ಕೆ ಹೋಯಿತು, ಅರಮನೆ ಮಾತ್ರ ಕೇರಳದ ಕೈಯಲ್ಲೇ ಉಳಿಯಿತು. ಒಳಗಿನ ಸಿಬ್ಬಂದಿ ಮಲಯಾಳಂ, ತಮಿಳು ಎರಡರಲ್ಲೂ ವಿವರಿಸುತ್ತಾರೆ. ಕೇಳಿದರೆ ಇಂಗ್ಲಿಷಿನಲ್ಲೂ ಹೇಳುತ್ತಾರೆ. ಸುಮ್ನೆ ದಾಟಿಕೊಂಡು ಹೋಗಬೇಡಿ, ಕೇಳಿ.

ಮೈಸೂರು ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಬಾಗಿಲಲ್ಲೇ ನಿರಾಸೆ ಆಗಬಹುದು. ಇಲ್ಲಿ ಗುಮ್ಮಟ ಇಲ್ಲ, ಚಿನ್ನದ ಲೇಪ ಇಲ್ಲ. ಹೆಂಚಿನ ಇಳಿಜಾರು ಮಾಡು, ಮರದ ಕಂಬ, ತಗ್ಗು ಬಾಗಿಲು. ಮಲೆನಾಡಿನ ದೊಡ್ಡ ತೊಟ್ಟಿಮನೆ ನೋಡಿದವರಿಗೆ ಇದು ನೆಂಟರ ಮನೆಯಂತೆ ಕಾಣುತ್ತದೆ. 1601ರ ಸುಮಾರಿಗೆ ಶುರುವಾಗಿ, 18ನೇ ಶತಮಾನದಲ್ಲಿ ತಿರುವಾಂಕೂರಿನ ರಾಜ ಮಾರ್ತಾಂಡ ವರ್ಮ ದೊಡ್ಡದು ಮಾಡಿ ಕಟ್ಟಿಸಿದ ಅರಮನೆ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋದ ಮೇಲೂ ಮರದ ಕೆಲಸ ಇಷ್ಟು ಚೆನ್ನಾಗಿ ಉಳಿದಿರುವುದು ನಮ್ಮ ಪುಣ್ಯ.

ಒಳಗೆ ಕಾಲಿಡುತ್ತಿದ್ದಂತೆ ತಲೆ ಎತ್ತಿ. ಮುಂದಿನ ಪಡಸಾಲೆಯ ಮರದ ಚಾವಣಿ ತುಂಬಾ ಹೂಗಳ ಕೆತ್ತನೆ, ಒಂದರಂತೆ ಇನ್ನೊಂದಿಲ್ಲ. ಅಲ್ಲೇ ಕುದುರೆ ಸವಾರನಿರುವ ತೂಗುದೀಪವೂ ಇದೆ. ಮೇಲಿನ ಮಂತ್ರಶಾಲೆ ರಾಜರು ಮಂತ್ರಾಲೋಚನೆ ನಡೆಸುತ್ತಿದ್ದ ಕೋಣೆ. ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳ ಸಂದಿಯಿಂದ ಗಾಳಿ ಬರುತ್ತದೆ, ಬಿಸಿಲು ಬರುವುದಿಲ್ಲ. ಬಣ್ಣದ ಅಭ್ರಕ ಕೂರಿಸಿದ ಕಿಟಕಿಯ ಹತ್ತಿರ ಒಂದು ನಿಮಿಷ ನಿಲ್ಲಿ. ಹೊರಗೆ ಸೆಖೆ ಇದ್ದರೂ ಅಲ್ಲಿ ತಣ್ಣಗಿತ್ತು.

ಇನ್ನು ನೆಲ. ಚಪ್ಪಲಿ ಹೊರಗೇ ಬಿಡಬೇಕು, ಅದು ಒಳ್ಳೆಯದೇ ಆಯಿತು. ಕಪ್ಪಗೆ ಕನ್ನಡಿ ಥರ ಹೊಳೆಯುವ ಈ ನೆಲವನ್ನು ಕಾಲಿನಿಂದಲೇ ನೋಡಬೇಕು. ಸುಟ್ಟ ತೆಂಗಿನ ಚಿಪ್ಪಿನ ಇದ್ದಿಲು, ಸುಣ್ಣ, ಮೊಟ್ಟೆಯ ಬಿಳಿ ಎಲ್ಲ ಬೆರೆಸಿ ಮಾಡಿದ ಗಾರೆ ಇದು ಅಂತ ಸಿಬ್ಬಂದಿ ವಿವರಿಸುತ್ತಾರೆ. ಬಗ್ಗಿ ಕೈ ಆಡಿಸಿದರೆ ಎಲ್ಲೂ ತರಿ ಸಿಗಲಿಲ್ಲ. ಸಾಕ್ಸ್ ಹಾಕಿಕೊಂಡು ಓಡಾಡಬೇಡಿ, ಜಾರುತ್ತದೆ. ಮೆಟ್ಟಿಲಲ್ಲಂತೂ ಬೇಡವೇ ಬೇಡ.

ತಾಯಿ ಕೊಟ್ಟಾರಂ ಇಲ್ಲಿನ ಅತಿ ಹಳೆಯ ಭಾಗ. ಅಲ್ಲಿ ಒಂದೇ ಹಲಸಿನ ಮರದಲ್ಲಿ ಕೆತ್ತಿದ ಕಂಬ ಇದೆ, ಸುತ್ತು ಹಾಕಿ ನೋಡಿ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಔಷಧಿ ಮರಗಳಿಂದ ಮಾಡಿದ ರಾಜರ ಮಂಚ ಇದೆ. ಊಟದ ಮನೆ ಎರಡು ಅಂತಸ್ತಿನದು, ಉದ್ದಕ್ಕೆ ನೋಡಿದರೆ ಕೊನೆ ದೂರ. ಒಮ್ಮೆಗೆ ಸಾವಿರ ಜನರ ಪಂಕ್ತಿ ಕೂರುತ್ತಿತ್ತಂತೆ. ನಮ್ಮವರಿಗೆ ಇಷ್ಟವಾಗುವ ಇನ್ನೊಂದು ಜಾಗ ಅಂಬಾರಿ ಮುಖಪ್ಪು. ಬೀದಿಯ ಮೆರವಣಿಗೆ ನೋಡಲು ರಾಜ ಕೂರುತ್ತಿದ್ದ, ಅಂಬಾರಿಯ ಆಕಾರದಲ್ಲಿ ಹೊರಚಾಚಿದ ಕಿಟಕಿ ಅದು. ಕೊನೆಯಲ್ಲಿ ಸಿಗುವ ನವರಾತ್ರಿ ಮಂಟಪ ಮಾತ್ರ ಕಲ್ಲಿನದು. ಪಕ್ಕದಲ್ಲೇ ಸರಸ್ವತಿ ಗುಡಿ. ನವರಾತ್ರಿಗೆ ಇಲ್ಲಿನ ಸರಸ್ವತಿ ಇಂದಿಗೂ ಮೆರವಣಿಗೆಯಲ್ಲಿ ತಿರುವನಂತಪುರಕ್ಕೆ ಹೋಗುತ್ತಾಳೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಗಮನಿಸಿ. ಮರದ ಮೆಟ್ಟಿಲು ಕಡಿದಾಗಿವೆ, ಬಾಗಿಲು ತಗ್ಗು. ನೋಡುವ ದಾರಿ ಒಂದೇ ದಿಕ್ಕಿನದು, ಮುಂದೆ ಹೋದ ಮೇಲೆ ಹಿಂದೆ ಬರಲು ಬಿಡುವುದಿಲ್ಲ. ಮಂಡಿ ನೋವಿರುವವರು ಹೊರಡುವ ಮೊದಲೇ ಸಿಬ್ಬಂದಿಗೆ ಹೇಳಿ, ಎಲ್ಲಿಯವರೆಗೆ ಹೋಗಬಹುದು ಅಂತ ಕೇಳಿಕೊಳ್ಳುವುದು ಒಳ್ಳೆಯದು. ಕ್ಯಾಮೆರಾಗೆ ಬೇರೆ ಟಿಕೆಟ್, ಅದಕ್ಕೆ ಚಿಲ್ಲರೆ ಇಟ್ಟುಕೊಂಡಿರಿ. ನೀರು ಕುಡಿದೇ ಒಳಗೆ ಹೋಗಿ. ಎರಡು ಗಂಟೆಯಾದರೂ ಬೇಕು, ಮರದ ಕೆಲಸದಲ್ಲಿ ಆಸಕ್ತಿ ಇದ್ದರೆ ಮೂರು.

ಮುಗಿಸಿಕೊಂಡು ತಕ್ಕಲೈ ಕಡೆ ಊಟ ಮಾಡಿ ಹತ್ತಿರದ ಉದಯಗಿರಿ ಕೋಟೆಗೆ ಹೋಗಿ. 1741ರಲ್ಲಿ ಕೊಳಚಲ್ ಯುದ್ಧದಲ್ಲಿ ಮಾರ್ತಾಂಡ ವರ್ಮ ಡಚ್ಚರನ್ನು ಸೋಲಿಸಿದ. ಆಗ ಸೆರೆಸಿಕ್ಕ ಡಚ್ ಸೇನಾಧಿಕಾರಿ ಡಿ ಲನೋಯ್ ಆಮೇಲೆ ಮಾರ್ತಾಂಡ ವರ್ಮನದೇ ಸೇನೆಗೆ ತರಬೇತಿ ಕೊಟ್ಟು ದಳಪತಿಯಾದ. ಡಿ ಲನೋಯ್ ಸಮಾಧಿ ಈ ಕೋಟೆಯೊಳಗಿದೆ. ಅರಮನೆ ನೋಡಿದ ಮೇಲೆ ಇಲ್ಲಿಗೆ ಬಂದರೆ ಕಥೆ ಪೂರ್ತಿ ತಿಳಿಯುತ್ತದೆ. ಅಲ್ಲಿಂದ ಹೊತ್ತಿಗೆ ಸರಿಯಾಗಿ ಹೊರಟರೆ ಸೂರ್ಯಾಸ್ತಕ್ಕೆ ಕನ್ಯಾಕುಮಾರಿ ತಲುಪಬಹುದು. ಶುಚೀಂದ್ರಂ ದೇವಸ್ಥಾನವನ್ನು ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳಿ.