ಬೇಕಲದಿಂದ ದೊಡ್ಡಬೆಟ್ಟದಾಚೆಗೆ: ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಪ್ರಯಾಣ

ಕಾಸರಗೋಡು, ಕುಂಬಳೆ ಕಡೆಯವರಿಗೆ ಹತ್ತಿರದ ವಿಮಾನ ನಿಲ್ದಾಣ ಮಂಗಳೂರು. ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನ ಹಿಡಿದು ಅಲ್ಲಿಂದ ಹೊರಡೋಣ: ಕರಾವಳಿ ಹಿಡಿದು ಬೇಕಲ, ಬೇಕಲದಿಂದ ನೀಲಗಿರಿ ದಾಟಿ ಕೊಯಮತ್ತೂರು. ಒಟ್ಟು ಸುಮಾರು 180 ನಾಟಿಕಲ್ ಮೈಲಿ, ಎರಡು ಗಂಟೆಯೊಳಗಿನ ಹಾರಾಟ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಕೊಡುವ ಸಾಧನ) ಇಲ್ಲದ ಪಿಸ್ಟನ್ ಎಂಜಿನ್ ಎತ್ತರದಲ್ಲಿ ಹೇಗೆ ಸೊರಗುತ್ತದೆ ಎಂದು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನಮ್ಮ ಕಡೆ ಇಲ್ಲ.

ಹೊರಡುವ ಮೊದಲು ತೂಕ ನೋಡಿ. ಪೈಲಟ್ ಒಬ್ಬರೇ ಸಾಕು, ಇಂಧನ 30 ಗ್ಯಾಲನ್ ಸಾಕು. ಕಾರಣ ಇಷ್ಟೆ. ನೀಲಗಿರಿಯ ಅತಿ ಎತ್ತರದ ಶಿಖರ ದೊಡ್ಡಬೆಟ್ಟ 2,637 ಮೀಟರ್, ಅಂದರೆ 8,650 ಅಡಿ. ಪೂರ್ವ ದಿಕ್ಕಿನ ವಿಎಫ್ಆರ್ (ಹೊರಗೆ ಕಣ್ಣಿಟ್ಟು ಹಾರುವ) ಹಾರಾಟಕ್ಕೆ 9,500 ಅಡಿ ಹಿಡಿದರೆ ಬೆಟ್ಟದ ಮೇಲೆ ಉಳಿಯುವುದು 850 ಅಡಿ ಮಾತ್ರ. ಹಾಗಾಗಿ ಈ ದಿಕ್ಕಿನ ಮುಂದಿನ ಹಂತವಾದ 11,500 ಅಡಿಗೆ ಏರಲೇಬೇಕು. ಅಲ್ಲಿ ಪ್ರಮಾಣಿತ ಉಷ್ಣಾಂಶ ಮೈನಸ್ 8 ಡಿಗ್ರಿ, ನಮ್ಮ ಕಡೆಯ ಗಾಳಿ 7 ಡಿಗ್ರಿ ಇರುವುದುಂಟು. ಈ 15 ಡಿಗ್ರಿ ವ್ಯತ್ಯಾಸಕ್ಕೆ ಡಿಗ್ರಿಗೆ 120 ಅಡಿಯಂತೆ ಲೆಕ್ಕ ಹಾಕಿದರೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳುವೋ ಅದಕ್ಕೆ ತಕ್ಕ ಎತ್ತರ) 13,300 ಅಡಿ. 172ರ ಎಸ್ ಮಾದರಿಯ ಸರ್ವಿಸ್ ಸೀಲಿಂಗ್ (ಅದರಾಚೆಗೆ ಏರುವ ಕಸುವು ಬಹುತೇಕ ಉಳಿಯದ ಎತ್ತರ) 14,000! 180 ಅಶ್ವಶಕ್ತಿಯಲ್ಲಿ ಕೈಗೆ ಸಿಗುವುದು ಹೆಚ್ಚೆಂದರೆ ಮೂರನೇ ಎರಡು ಪಾಲು.

ಮಿಕ್ಸ್ಚರ್ ಅಂದರೆ ಎಂಜಿನ್‌ಗೆ ಹೋಗುವ ಗಾಳಿ-ಇಂಧನದ ಮಿಶ್ರಣ; ಗಾಳಿ ತೆಳುವಾದಂತೆ ಇಂಧನ ಕಡಿಮೆ ಮಾಡಬೇಕು. ಅದನ್ನು ತಾನೇ ಹೊಂದಿಸುವ ಆಟೋ ಮಿಕ್ಸ್ಚರ್ ಸಹಾಯವನ್ನು ಸಿಮ್ಯುಲೇಟರ್‌ನ ಸೆಟ್ಟಿಂಗ್‌ನಲ್ಲೇ ಆಫ್ ಮಾಡಿ. ಚಂದ್ರಗಿರಿ ಅಳಿವೆ, ಕೋಟೆ ಎಲ್ಲ ನೋಡಬೇಕಿದ್ದರೆ ಬೇಕಲದವರೆಗೆ 3,000 ಅಡಿಯಲ್ಲೇ ಹೋಗಿ. ಆಮೇಲೆ ಹೆಡ್ಡಿಂಗ್ (ಮೂತಿಯ ದಿಕ್ಕು) ಸುಮಾರು 120 ಡಿಗ್ರಿ, ಥ್ರಾಟಲ್ ಪೂರ್ತಿ, ವೇಗ 73–75 ನಾಟ್. ಮಿಕ್ಸ್ಚರ್ ಗುಬ್ಬಿಯನ್ನು ನಿಧಾನ ಹಿಂದಕ್ಕೆಳೆಯಿರಿ: ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಏರಿ, ನಿಂತು, ಇಳಿಯತೊಡಗುತ್ತದೆ. ಇಳಿದ ಕೂಡಲೇ ತುಸು ಮುಂದಕ್ಕೆ ತಳ್ಳಿ. ಪ್ರತಿ ಸಾವಿರ ಅಡಿಗೊಮ್ಮೆ ಇದನ್ನೇ ಮಾಡಿ. ಮಾನಂದವಾಡಿ ಬರುವಷ್ಟರಲ್ಲಿ 9,000 ದಾಟಿರಬೇಕು.

ಹೆಚ್ಚಿನವರು ಎಡವುವುದು ಆಟೋಪೈಲಟ್‌ನಲ್ಲಿ. ವರ್ಟಿಕಲ್ ಸ್ಪೀಡ್ (ನಿಮಿಷಕ್ಕೆ ಏರುವ ಅಡಿ) 500 ಎಂದು ಇಟ್ಟು ಬಿಟ್ಟರೆ, 9,000 ಅಡಿಯ ಮೇಲೆ ಎಂಜಿನ್‌ಗೆ ಅಷ್ಟು ಕಸುವಿರುವುದಿಲ್ಲ. ಆಟೋಪೈಲಟ್ ಮೂತಿ ಎತ್ತುತ್ತಲೇ ಹೋಗುತ್ತದೆ, ವೇಗ 70, 60, 55, ಕೊನೆಗೆ ಸ್ಟಾಲ್, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲವನ್ನೇ ಕಳೆದುಕೊಳ್ಳುವುದು. ಜಿ1000 (ಪರದೆಯ ಉಪಕರಣ ಫಲಕ) ಇದ್ದರೆ ಎಫ್ಎಲ್‌ಸಿ ಗುಂಡಿ ಒತ್ತಿ 75 ನಾಟ್ ಇಡಿ; ಆಗ ಆಟೋಪೈಲಟ್ ವೇಗವನ್ನು ಕಾಯ್ದುಕೊಂಡೇ ಏರುತ್ತದೆ. ಇಲ್ಲದಿದ್ದರೆ ವರ್ಟಿಕಲ್ ಸ್ಪೀಡ್ 200ಕ್ಕೆ ಇಳಿಸಿ, ಇಲ್ಲವೇ ಕೈಯಲ್ಲೇ ಹಾರಿಸಿ.

ಗೂಡಲೂರಿನ ಮೇಲೆ ಬೆಟ್ಟ ಗೋಡೆಯಂತೆ ಎದ್ದು ನಿಲ್ಲುತ್ತದೆ. ಲೈವ್ ವೆದರ್‌ನಲ್ಲಿ (ನಿಜವಾದ ಹವೆಯನ್ನೇ ತರುವ ಸೆಟ್ಟಿಂಗ್) ಗಾಳಿ ಪೂರ್ವದಿಂದ ಬೀಸುತ್ತಿದ್ದರೆ (ಚಳಿಗಾಲದಲ್ಲಿ ಸಾಮಾನ್ಯ) ನೀವು ಬರುವ ಬದಿಯಲ್ಲೇ ಗಾಳಿ ಕೆಳಕ್ಕೆ ದಬ್ಬುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ 11,500 ಸೇರಿ, ಬೆಟ್ಟದ ಏಣನ್ನು 45 ಡಿಗ್ರಿ ಓರೆಯಾಗಿ ದಾಟಿ. ಎತ್ತರ ಕಳೆದುಕೊಂಡರೆ ತಗ್ಗಿನತ್ತ ತಿರುಗಲು ಜಾಗ ಇರುತ್ತದೆ. ಮಳೆಗಾಲದಲ್ಲಿ ಶಿಖರಗಳೆಲ್ಲ ಮೋಡದೊಳಗೆ, ಆಗ ಈ ದಾರಿ ಬೇಡ.

ದೊಡ್ಡಬೆಟ್ಟದಿಂದ ಕೊಯಮತ್ತೂರಿಗೆ 28 ನಾಟಿಕಲ್ ಮೈಲಿ ಮಾತ್ರ. ನಿಮಿಷಕ್ಕೆ 500 ಅಡಿ ಇಳಿದರೆ ಸಾಲದು, 700 ಬೇಕು. ಇಳಿಯುತ್ತಾ ಮಿಕ್ಸ್ಚರ್ ಮುಂದಕ್ಕೆ ತಳ್ಳಲು ಮರೆತರೆ ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತ) ಥ್ರಾಟಲ್ ಕೊಟ್ಟಾಗ ಎಂಜಿನ್ ಮುಗ್ಗರಿಸುತ್ತದೆ.