ಮುಕ್ಕಾಲು ಇಂಚಿನ ಪೈಪು

ನ್ಯೂಜೆರ್ಸಿಯ ಆ ಮನೆಯಲ್ಲಿ ಗ್ಯಾರೇಜು ಬೇರೆಯೇ ಕಟ್ಟಡ. ಕಾರ್ ಚಾರ್ಜರ್ ಹಾಕಲು ಅಲ್ಲಿಗೆ ಕರೆಂಟು ಒಯ್ಯಬೇಕಿತ್ತು. ಮನೆಯ ಮುಖ್ಯ ಪ್ಯಾನೆಲ್‌ನಿಂದ (ಬ್ರೇಕರ್ ಪೆಟ್ಟಿಗೆ) ಅಲ್ಲಿಗೆ ತಂತಿಯ ದಾರಿ 80 ಅಡಿ. ಶನಿವಾರ ಬೆಳಿಗ್ಗೆ ಹೋದಾಗ ಟ್ರೆಂಚ್ ತೋಡಿ ಆಗಿತ್ತು, ಪಕ್ಕದಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪು ಬಂದು ಬಿದ್ದಿತ್ತು. ಯಾವ ತಂತಿಯೆಂದೇ ಇನ್ನೂ ಗೊತ್ತಾಗಿರಲಿಲ್ಲ! ಮೊದಲು ಲೋಡು, ಅದರ ಮೇಲೆ ಬ್ರೇಕರ್, ಆಮೇಲೆ ತಂತಿ, ಪೈಪು ಕಟ್ಟಕಡೆಗೆ.

ದೊಡ್ಡ ಲೋಡು 32 ಆಂಪ್‌ನ ಕಾರ್ ಚಾರ್ಜರ್. ಗಂಟೆಗಟ್ಟಲೆ ಎಳೆಯುವ ಲೋಡಾದ್ದರಿಂದ ಕಾಲು ಭಾಗ ಸೇರಿಸಿ 40 ಎಂದು ಹಿಡಿಯಬೇಕು. ದೀಪ, ಬಾಗಿಲ ಮೋಟರು, ಡ್ರಿಲ್ಲು ಸೇರಿದರೂ 60 ಆಂಪ್ ಫೀಡರ್ (ಗ್ಯಾರೇಜಿನ ಪ್ಯಾನೆಲ್‌ಗೆ ಹೋಗುವ ಲೈನು) ಸಾಕು. 48 ಆಂಪ್‌ನ ಚಾರ್ಜರ್ ಆಗಿದ್ದರೆ ಅದೊಂದೇ 60ನ್ನೂ ನುಂಗುತ್ತಿತ್ತು.

60ಕ್ಕೆ 6 ಗೇಜ್ ತಾಮ್ರ, ನಮ್ಮೂರಿನ ಲೆಕ್ಕದಲ್ಲಿ 13.3 ಸ್ಕ್ವೇರ್ ಎಂಎಂ. ತಂತಿ ಎಷ್ಟು ಕರೆಂಟು ತಾಳುತ್ತದೆಂಬ ಕೋಷ್ಟಕದಲ್ಲಿ, 75 ಡಿಗ್ರಿ ಸೆಲ್ಸಿಯಸ್‌ನ ಕಾಲಮ್ಮಿನಲ್ಲಿ ಇದಕ್ಕೆ 65 ಆಂಪ್ ಇದೆ. ಮನೆಯೊಳಗೆ ಎಳೆಯುವ ರೊಮೆಕ್ಸ್ ಕೇಬಲ್ ಇಲ್ಲಿ ಸಲ್ಲದು. ನೆಲದೊಳಗಿನ ಪೈಪು ಒದ್ದೆ ಜಾಗವೆಂದೇ ಲೆಕ್ಕ. ಒದ್ದೆ ತಾಳುವ ಬಿಡಿ ಟಿಎಚ್‌ಡಬ್ಲ್ಯೂಎನ್ ತಂತಿಗಳೇ ಬೇಕು: ಎರಡು ಹಾಟ್ (ಫೇಸ್), ಒಂದು ನ್ಯೂಟ್ರಲ್, ಜೊತೆಗೆ 10 ಗೇಜಿನ ಗ್ರೌಂಡ್ (ಅರ್ತ್). 40 ಆಂಪ್ ಹರಿದರೂ ಇಳಿಯುವುದು 240ರಲ್ಲಿ ಸುಮಾರು 3 ವೋಲ್ಟ್. ಈ ದೂರಕ್ಕೆ ತಂತಿ ದಪ್ಪ ಮಾಡುವುದು ದುಡ್ಡು ದಂಡ.

"ಅಣ್ಣಾ, ನಾಲ್ಕೂ ತೂರತ್ತಲ್ಲ, ಮುಕ್ಕಾಲು ಇಂಚೇ ಸಾಕಲ್ವಾ?" ಎಂದರು ಮನೆಯವರು. 6 ಗೇಜಿನ ಒಂದೊಂದು ತಂತಿ 0.0507 ಚದರ ಇಂಚು, 10 ಗೇಜಿನದು 0.0211, ಒಟ್ಟು 0.1732. ಪೈಪಿನ ಒಳಗಿನ ಜಾಗದಲ್ಲಿ ಶೇ. 40ರಷ್ಟನ್ನು ಮಾತ್ರ ತುಂಬಬಹುದು. ಮುಕ್ಕಾಲು ಇಂಚಿನ ಶೆಡ್ಯೂಲ್ 40 (ಮಾಮೂಲಿ ದಪ್ಪದ) ಪೈಪಿನಲ್ಲಿ ಅದು 0.203, ಆದ್ದರಿಂದ ಮಣ್ಣಿನೊಳಗೆ ಸರಿಹೋಗುತ್ತದೆ. ಆದರೆ ಗ್ಯಾರೇಜಿನ ಗೋಡೆಗೆ ಏರುವ ತುಂಡಿಗೆ ಕಾರು ತಗುಲಬಹುದು, ಅಲ್ಲಿ ಇನ್ನೂ ದಪ್ಪನೆಯ ಶೆಡ್ಯೂಲ್ 80 ಕಡ್ಡಾಯ. ಹೊರಗಿನಿಂದ ಎರಡೂ ಒಂದೇ ಅಳತೆ; ತುದಿ ಕತ್ತರಿಸಿ ಅಕ್ಕಪಕ್ಕ ಹಿಡಿದರೆ ಪೈಪಿನ ಗೋಡೆ ದಪ್ಪವಾಗಿ ತೂತು ಕಿರಿದಾದದ್ದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಸಿಗುವುದು 0.164 ಮಾತ್ರ. ಇಡೀ ಹಾದಿಗೆ 1 ಇಂಚಿನ ಪೈಪು ತರಿಸಿದೆವು. ಶೆಡ್ಯೂಲ್ 80ರಲ್ಲೂ 0.275 ಸಿಗುತ್ತದೆ, ಎಳೆಯುವಾಗ ತಂತಿಯ ಸಿಪ್ಪೆ ಉಜ್ಜಿಹೋಗುವುದಿಲ್ಲ.

ಟ್ರೆಂಚು ಒಂದು ಕಡೆ 18 ಇಂಚಷ್ಟೇ ಇತ್ತು. ನಿಯಮದಂತೆ 18 ಇಂಚು ಮಣ್ಣು ಬೇಕಾದದ್ದು ಪೈಪಿನ ನೆತ್ತಿಯ ಮೇಲೆ, ಟ್ರೆಂಚಿನ ತಳದಿಂದ ಅಳೆದದ್ದಲ್ಲ. ಮತ್ತೆ ಗುದ್ದಲಿ ಹಿಡಿಯಬೇಕಾಯಿತು.

ಗ್ಯಾರೇಜಿನ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ಲನ್ನೂ ಗ್ರೌಂಡನ್ನೂ ಬೇರೆ ಬೇರೆ ಲೋಹದ ಪಟ್ಟಿಗೆ ಕೂರಿಸಿ, ಎರಡನ್ನೂ ಜೋಡಿಸಲೆಂದು ಪ್ಯಾನೆಲ್ ಜೊತೆಗೆ ಬಂದ ಹಸಿರು ಸ್ಕ್ರೂ ಹಾಕದೆ ಬಿಟ್ಟೆವು. ಹಾಕಿದರೆ ನ್ಯೂಟ್ರಲ್ಲಿನ ಕರೆಂಟು ಗ್ರೌಂಡ್ ತಂತಿಯಲ್ಲೂ ವಾಪಸು ಹರಿಯುತ್ತದೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೂರ್ತಿ ಅದರಲ್ಲೇ. ಹೊರಗೆ 8 ಅಡಿಯ ಎರಡು ಗ್ರೌಂಡ್ ರಾಡುಗಳನ್ನು 6 ಅಡಿ ಅಂತರದಲ್ಲಿ ನೆಲಕ್ಕೆ ಹೊಡೆದೆವು. ಇನ್‌ಸ್ಪೆಕ್ಟರ್ ಬಂದು ಆಳ ನೋಡುವವರೆಗೆ ಟ್ರೆಂಚಿನ ಮೇಲೆ ಹಲಗೆ ಹಾಸಿಟ್ಟೆವು.